ಮಲೆನಾಡಿನ ಮನೆಯಿಂದ ಕಚೇರಿ ಕೆಲಸ: ಮಳೆಗಾಲಕ್ಕೂ ನಿಲ್ಲುವಂಥ ಸಿದ್ಧತೆ ಹೇಗೆ?

ಬೆಂಗಳೂರಿನ ಫ್ಲ್ಯಾಟಿನಲ್ಲಿ ಕುಳಿತು ಮನೆಯಿಂದ ಕೆಲಸ ಮಾಡುವುದಕ್ಕೂ ಸಿದ್ದಾಪುರ, ಹೊಸನಗರ ಅಥವಾ ಕೊಪ್ಪ ತಾಲ್ಲೂಕಿನ ತೋಟದ ಮನೆಯಲ್ಲಿ ಕುಳಿತು ಅದೇ ಕೆಲಸ ಮಾಡುವುದಕ್ಕೂ ಬಹಳ ಅಂತರವಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದವರು ಗುಡ್ಡದ ಮೇಲೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಿಗ್ನಲ್ ಹುಡುಕುತ್ತ ಕೆಲಸ ಮಾಡಿದರು. ಅದು ಅನಿವಾರ್ಯದ ಕಾಲವಾಗಿತ್ತು, ಕಚೇರಿಗಳೂ ಸಹಿಸಿಕೊಂಡವು. ಈಗ ಆ ರಿಯಾಯಿತಿ ಇಲ್ಲ. ಊರಿನ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಕೊಟ್ಟ ಸಂಸ್ಥೆ, ಕೊಟ್ಟ ದಿನದಿಂದಲೇ ನಗರದಲ್ಲಿದ್ದಷ್ಟೇ ಖಾತರಿಯ ಕೆಲಸವನ್ನು ನಿರೀಕ್ಷಿಸುತ್ತದೆ.

ಹೀಗೆ ಊರಿಗೆ ಮರಳುವವರಲ್ಲಿ ಹೆಚ್ಚಿನವರು ಸಿದ್ಧತೆಯನ್ನು ಮೇಜು, ಕುರ್ಚಿ, ಎರಡನೇ ಪರದೆಗಳ ಖರೀದಿಯಿಂದ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮಲೆನಾಡಿನಲ್ಲಿ ಮೊದಲು ನೋಡಬೇಕಾದದ್ದು ವಿದ್ಯುತ್ತು, ಅನಂತರ ಇಂಟರ್ನೆಟ್, ಆಮೇಲೆ ಮನೆಯವರೊಂದಿಗಿನ ಹೊಂದಾಣಿಕೆ. ಮೇಜು ಕುರ್ಚಿಗಳ ಸರದಿ ಇವೆಲ್ಲ ಮುಗಿದ ಮೇಲೆ ಬರಬಹುದು, ಏಕೆಂದರೆ ಕುರ್ಚಿ ಸರಿಯಿಲ್ಲದಿದ್ದರೆ ಬೆನ್ನು ನೋಯುತ್ತದೆ, ಕರೆಂಟ್ ಇಲ್ಲದಿದ್ದರೆ ಕೆಲಸವೇ ನಿಲ್ಲುತ್ತದೆ.

ಬಾಡಿಗೆ ಮನೆ ಬಿಡುವ ಮುನ್ನ

ಊರಿನ ಮನೆಯಲ್ಲಿ ಕೆಲಸ ನಡೆಯುತ್ತದೆಯೇ ಎಂದು ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಪರೀಕ್ಷಿಸಿ ನಿರ್ಧಾರಕ್ಕೆ ಬರಬೇಡಿ. ಆ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿ ಕಡಿಮೆ, ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಆದ್ದರಿಂದ ನಗರದ ಬಾಡಿಗೆ ಮನೆಯನ್ನು ಇಟ್ಟುಕೊಂಡೇ, ಆಷಾಢದ ಗಾಳಿಮಳೆಯಲ್ಲಿ ಕೆಲವು ವಾರ ಊರಿನಲ್ಲಿದ್ದು ಕೆಲಸ ಮಾಡಿ ನೋಡಿ. ಆ ಅವಧಿಯಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ನೆಟ್ ಹೋದ ಹೊತ್ತು, ಬಂದ ಹೊತ್ತು ಈ ನಾಲ್ಕನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವ ಬ್ಯಾಟರಿ ಕೊಳ್ಳಬೇಕು, ಯಾವ ಸಂಪರ್ಕ ಪಡೆಯಬೇಕು ಎಂಬ ಪ್ರಶ್ನೆಗಳಿಗೆ ಅಂಗಡಿಯವರ ಸಲಹೆಗಿಂತ ಆ ಪುಟಗಳೇ ಸರಿಯಾದ ಉತ್ತರ ಕೊಡುತ್ತವೆ.

ಇದರ ಜೊತೆಗೇ ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಮೇಲಧಿಕಾರಿಯ ಬಾಯಿಮಾತು ಆ ಅಧಿಕಾರಿ ಬದಲಾಗುವವರೆಗೆ ಮಾತ್ರ ಬಾಳುತ್ತದೆ. ವಾರಕ್ಕೆ ಅಥವಾ ತಿಂಗಳಿಗೆ ಎಷ್ಟು ದಿನ ಕಚೇರಿಗೆ ಬರಬೇಕು, ತುರ್ತಾಗಿ ಕರೆದರೆ ಎಷ್ಟು ದಿನದ ಮುನ್ಸೂಚನೆ ಇರುತ್ತದೆ, ಗ್ರಾಹಕರ ದತ್ತಾಂಶವನ್ನು ಮನೆಯ ಜಾಲದಲ್ಲಿ ಬಳಸಲು ನಿರ್ಬಂಧವಿದೆಯೇ ಎಂಬುದನ್ನು ಇಮೇಲ್‌ನಲ್ಲೇ ಕೇಳಿ ಉತ್ತರ ಪಡೆಯಿರಿ. ಅನೇಕರು ಮರೆಯುವ ಪ್ರಶ್ನೆ ಇನ್ನೊಂದಿದೆ: ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಕೆಟ್ಟರೆ ದುರಸ್ತಿಗಾರರು ನಿಮ್ಮ ಪಿನ್‌ಕೋಡ್‌ಗೆ ಬರುತ್ತಾರೆಯೇ, ಅಥವಾ ಯಂತ್ರವನ್ನು ಬೆಂಗಳೂರಿಗೆ ಕಳಿಸಬೇಕೇ? ಖಾಸಗಿ ಕೊರಿಯರ್‌ನವರು ತಾಲ್ಲೂಕು ಕೇಂದ್ರದಿಂದಾಚೆಗೆ ಬರದ ಹಳ್ಳಿಗಳಿಗೂ ಸ್ಪೀಡ್ ಪೋಸ್ಟ್ ತಲುಪುತ್ತದೆ ಎಂಬುದನ್ನು ಕಚೇರಿಯ ಐಟಿ ವಿಭಾಗಕ್ಕೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ವಿದ್ಯುತ್ತು: ಲೆಕ್ಕ ಹಾಕಿ, ಆಮೇಲೆ ಕೊಳ್ಳಿ

ಮೊದಲು ನಿಮ್ಮ ಮನೆಗೆ ಬರುವ ಲೈನ್ ಯಾವ ಫೀಡರ್‌ನದು, ಅಂದರೆ ಉಪಕೇಂದ್ರದಿಂದ ಹೊರಡುವ ಯಾವ ಮುಖ್ಯ ಲೈನಿನದು ಎಂದು ತಿಳಿದುಕೊಳ್ಳಿ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಮೆಸ್ಕಾಂ ವ್ಯಾಪ್ತಿಗೆ, ಉತ್ತರ ಕನ್ನಡ ಹೆಸ್ಕಾಂ ವ್ಯಾಪ್ತಿಗೆ, ಕೊಡಗು ಮತ್ತು ಹಾಸನ ಚೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಹಳ್ಳಿಯ ಮನೆಗಳ ಸಂಪರ್ಕವನ್ನು ಪಂಪ್‌ಸೆಟ್ ಸಂಪರ್ಕದಿಂದ ಬೇರ್ಪಡಿಸಲೆಂದು ನಿರಂತರ ಜ್ಯೋತಿ ಯೋಜನೆ ಬಂತು. ಆದರೆ ಊರಿನಿಂದ ದೂರವಿರುವ ತೋಟದ ಮನೆಗಳು ಪಂಪ್‌ಸೆಟ್ ಲೈನ್‌ನಲ್ಲೇ ಉಳಿದಿರುವುದುಂಟು, ಅಂಥ ಕಡೆ ಬೇಸಿಗೆಯಲ್ಲೂ ಗಂಟೆಗಟ್ಟಲೆ ಕಡಿತ ಇರಬಹುದು. ಶಾಖಾ ಕಚೇರಿಯಲ್ಲಿ ಅಥವಾ ನಿಮ್ಮ ಭಾಗದ ಲೈನ್‌ಮನ್ ಬಳಿ ಕೇಳಿದರೆ ಇದು ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ಅವರ ಪರಿಚಯ ಬೇರೆ ಕಾರಣಕ್ಕೂ ಬೇಕಾಗುತ್ತದೆ. 1912ಕ್ಕೆ ಕರೆ ಮಾಡಿ ದೂರು ದಾಖಲಿಸುವುದು ಸರಿಯಾದ ಕ್ರಮವೇ ಹೌದು, ದಾಖಲಿಸಲೇಬೇಕು. ಆದರೆ ಯಾವ ತಿರುವಿನಲ್ಲಿ ಮರ ಬಿದ್ದಿದೆ, ಎಷ್ಟು ಹೊತ್ತಿಗೆ ತೆಗೆಯಬಹುದು ಎಂಬುದನ್ನು ಹೇಳಬಲ್ಲವರು ಲೈನ್‌ಮನ್ ಒಬ್ಬರೇ.

ಇನ್ನು ಇನ್ವರ್ಟರ್. ಮನೆಗಳಲ್ಲಿ ಸಾಮಾನ್ಯವಾಗಿರುವುದು 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 1,800 ವಾಟ್-ಅವರ್ ಬರುತ್ತದೆ. ಪರಿವರ್ತನೆಯಲ್ಲಿ ಆಗುವ ನಷ್ಟವನ್ನು ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ, ಕೈಗೆ ಸಿಗುವುದು ಸುಮಾರು 1,000 ವಾಟ್-ಅವರ್ ಎಂದು ಇಟ್ಟುಕೊಳ್ಳಿ. ಲ್ಯಾಪ್‌ಟಾಪಿಗೆ 60 ವಾಟ್, ಹೊರ ಪರದೆಗೆ 25, ಮೋಡೆಮ್ ಮತ್ತು ರೂಟರ್‌ಗೆ 12, ಫ್ಯಾನಿಗೆ 50, ಎರಡು ಎಲ್‌ಇಡಿ ದೀಪಗಳಿಗೆ 20 ಎಂದರೆ ಒಟ್ಟು 167 ವಾಟ್ ಆಗುತ್ತದೆ. ಈ ಲೆಕ್ಕದಲ್ಲಿ ಒಂದು ಬ್ಯಾಟರಿ ಆರು ಗಂಟೆ ನಿಲ್ಲುತ್ತದೆ. ಅದೇ ಇನ್ವರ್ಟರಿನ ಮೇಲೆ ಟಿವಿ, ಮತ್ತೆರಡು ಫ್ಯಾನು, ಉಳಿದ ಕೋಣೆಗಳ ದೀಪಗಳೂ ಇದ್ದರೆ ಮೂರು ಗಂಟೆಗೆ ಬರುತ್ತದೆ. ಸಾಧ್ಯವಿದ್ದರೆ ಕೆಲಸದ ಕೋಣೆಗೆ ಪ್ರತ್ಯೇಕ ಇನ್ವರ್ಟರ್ ಇಡುವುದು ಉತ್ತಮ, ಏಕೆಂದರೆ ಸಂಜೆ ಧಾರಾವಾಹಿ ನೋಡುವವರಿಗೂ ನಿಮಗೂ ಬ್ಯಾಟರಿಯ ಜಗಳ ಬರುವುದಿಲ್ಲ.

ಮಲೆನಾಡಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಅದು ಮತ್ತೆ ಯಾವಾಗ ತುಂಬುತ್ತದೆ ಎಂಬುದು. ಇಂಥ ಬ್ಯಾಟರಿ ಪೂರ್ತಿ ಚಾರ್ಜ್ ಆಗಲು ಹತ್ತರಿಂದ ಹನ್ನೆರಡು ಗಂಟೆ ಬೇಕು. ಇಡೀ ರಾತ್ರಿ ಇಲ್ಲದ ಕರೆಂಟ್ ಬೆಳಗ್ಗೆ ಎರಡು ಗಂಟೆ ಬಂದು ಹೋದರೆ ಸಿಗುವುದು ಅದರ ಆರನೇ ಒಂದು ಪಾಲು ಮಾತ್ರ. ಮೂರು ದಿನ ಹೀಗೆಯೇ ನಡೆದರೆ ಎಷ್ಟೇ ದೊಡ್ಡ ಬ್ಯಾಟರಿ ಇದ್ದರೂ ಖಾಲಿಯಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಬೇಗ ತುಂಬುತ್ತವೆ, ಹೆಚ್ಚು ಆಳಕ್ಕೆ ಬರಿದಾದರೂ ಬಾಳಿಕೆ ಕೆಡುವುದಿಲ್ಲ, ನೀರು ಹಾಕುವ ಗೊಡವೆಯೂ ಇಲ್ಲ. ಬೆಲೆ ಹೆಚ್ಚು, ನಿಜ; ಆದರೂ ಸಂಬಳವೇ ಅದರ ಮೇಲೆ ನಿಂತಿರುವವರಿಗೆ ಅದು ದುಬಾರಿಯಲ್ಲ ಎಂದು ನನಗನಿಸುತ್ತದೆ. ಸೌರಫಲಕದ ಬಗ್ಗೆ ಮಾತ್ರ ಅತಿಯಾದ ಭರವಸೆ ಇಟ್ಟುಕೊಳ್ಳಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಅದು ಉಪಕಾರಿ. ವಾರಗಟ್ಟಲೆ ಮೋಡ ಮುಚ್ಚಿರುವ ಜುಲೈನಲ್ಲಿ, ಅಂದರೆ ನಿಮಗೆ ಅತ್ಯಂತ ಅಗತ್ಯವಿರುವಾಗ, ಅದರ ಉತ್ಪಾದನೆ ತೀರಾ ಕುಸಿಯುತ್ತದೆ. ದಿನಗಟ್ಟಲೆ ಕರೆಂಟ್ ಇಲ್ಲದಿರುವ ಊರಾದರೆ ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟುಕೊಂಡು, ದಿನಕ್ಕೆ ಕೆಲವು ಗಂಟೆ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುವುದು ಹೆಚ್ಚು ಪ್ರಾಯೋಗಿಕ. ಅದನ್ನು ಮನೆಯೊಳಗಾಗಲಿ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಮನೆಯಲ್ಲಿ ಕಾರಿದ್ದರೆ 65 ವಾಟ್‌ನ ಕಾರ್ ಚಾರ್ಜರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಟೈಪ್-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪಿಗೆ ಇದು ಅಗ್ಗದ ಆಪದ್ಬಾಂಧವ.

ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಮತ್ತು ಸಾಧಾರಣ ಎಂಬ ಎರಡು ಸ್ಥಿತಿಗಳ ಒಂದು ಗುಂಡಿ ಇರುತ್ತದೆ. ಯುಪಿಎಸ್ ಸ್ಥಿತಿಯಲ್ಲಿಟ್ಟರೆ ಕರೆಂಟ್ ಹೋದ ಕ್ಷಣವೇ ಬ್ಯಾಟರಿಗೆ ಬದಲಾಗುವುದರಿಂದ ರೂಟರ್ ಆರಿ ಹತ್ತುವುದಿಲ್ಲ, ಸಭೆಯ ಮಧ್ಯೆ ನೀವು ಮಾಯವಾಗುವುದಿಲ್ಲ. ಆದರೆ ಆ ಸ್ಥಿತಿಯಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕಡಿಮೆಯ ವಿದ್ಯುತ್ತನ್ನು ಒಪ್ಪುವುದಿಲ್ಲ. ಸಂಜೆಯ ಹೊತ್ತು ವೋಲ್ಟೇಜ್ 160ಕ್ಕೆ ಇಳಿಯುವ ಊರುಗಳಲ್ಲಿ ಅದು ಲೈನಿನಲ್ಲಿ ಕರೆಂಟ್ ಇದ್ದರೂ ಬ್ಯಾಟರಿಯಿಂದಲೇ ನಡೆದು, ಕೊನೆಗೆ ನಿಜವಾಗಿ ಕರೆಂಟ್ ಹೋದಾಗ ಕೈಕೊಡುತ್ತದೆ. ಇಂಥ ಕಡೆ ಇನ್ವರ್ಟರನ್ನು ಸಾಧಾರಣ ಸ್ಥಿತಿಯಲ್ಲೇ ಇಟ್ಟು, ಮೋಡೆಮ್ ಮತ್ತು ರೂಟರಿಗೆ ಮಾತ್ರ 12 ವೋಲ್ಟ್‌ನ ಸಣ್ಣ ಡಿಸಿ ಯುಪಿಎಸ್ (ಒಳಗೇ ಬ್ಯಾಟರಿ ಇರುವ ಪುಟ್ಟ ಪೆಟ್ಟಿಗೆ) ಹಾಕಿ. ಕೊಳ್ಳುವಾಗ ನಿಮ್ಮ ಮೋಡೆಮ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್‌ಗೆ ಅದು ಹೊಂದಬೇಕು ಎಂಬುದನ್ನು ನೋಡಿಕೊಳ್ಳಿ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಕ್ಷಣಕಾಲದ ಕಡಿತ ಅದಕ್ಕೆ ತಟ್ಟುವುದಿಲ್ಲ.

ಬಿಲ್ಲಿನ ಕಡೆಗೂ ಒಮ್ಮೆ ಗಮನ ಕೊಡಿ. ದಿನಕ್ಕೆ ಒಂಬತ್ತು ಗಂಟೆಯಂತೆ 22 ದಿನ ಲ್ಯಾಪ್‌ಟಾಪ್, ಪರದೆ, ಫ್ಯಾನು ಓಡಿದರೆ, ಜೊತೆಗೆ ರೂಟರ್ ಹಗಲೂರಾತ್ರಿ ಉರಿದರೆ, ತಿಂಗಳಿಗೆ 35 ಯುನಿಟ್‌ನಷ್ಟು ಬಳಕೆ ಹೆಚ್ಚುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿಯ ಮೇಲೆ ನಿಗದಿಯಾದ ಮಿತಿ ಇದೆ, ಅದನ್ನು ಮೀರಿದ ಯುನಿಟ್‌ಗಳಿಗೆ ಹಣ ಕೊಡಬೇಕು. ಬಳಕೆ 200 ಯುನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನೇ ಕಟ್ಟಬೇಕು. ಸೊನ್ನೆ ಬಿಲ್ಲಿಗೆ ಒಗ್ಗಿಹೋದ ಅಪ್ಪನಿಗೆ ಇದನ್ನು ಮೊದಲೇ ಹೇಳಿ, ಹೆಚ್ಚಿನ ಹಣ ನೀವೇ ಕೊಡುವುದು ಸೂಕ್ತ.

ಸಿಡಿಲಿನ ಕಾಲ ಬೇರೆ, ಮಳೆಯ ಕಾಲ ಬೇರೆ

ಜೂನ್, ಜುಲೈನ ಗಾಳಿಮಳೆ ಮರ ಬೀಳಿಸುತ್ತದೆ, ಕಂಬ ಮುರಿಯುತ್ತದೆ. ಆದರೆ ಉಪಕರಣಗಳನ್ನು ಸುಡುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗುಮಳೆ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹಿಂಗಾರಿನ ಸಿಡಿಲು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಬೇಸಿಗೆ ಆರಂಭವಾಗುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ. ಹಳೆಯ ಮನೆಗಳಲ್ಲಿ ಅರ್ಥ್ ತಂತಿ ಮೂರು ಪಿನ್ನಿನ ಸಾಕೆಟ್‌ವರೆಗೆ ಬಂದೇ ಇರುವುದಿಲ್ಲ, ಬಂದಿದ್ದರೂ ಗುಂಡಿಯಲ್ಲಿ ಕೊಳವೆ ತುಕ್ಕು ಹಿಡಿದು ಹೋಗಿರುತ್ತದೆ. ಸರ್ಜ್ ನಿರೋಧಕ ಪಟ್ಟಿಗಳು ಹೆಚ್ಚುವರಿ ವಿದ್ಯುತ್ತನ್ನು ಅರ್ಥಿಗೆ ಇಳಿಸಿಯೇ ಕೆಲಸ ಮಾಡುವುದರಿಂದ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಅವು ಹೆಸರಿಗೆ ಮಾತ್ರ.

ಫೈಬರ್ ಎಳೆ ಗಾಜಿನದು, ಅದರ ಮೂಲಕ ಸಿಡಿಲು ಹರಿಯುವುದಿಲ್ಲ. ತಾಮ್ರದ ದೂರವಾಣಿ ತಂತಿಯ ಕಾಲದಲ್ಲಿ ಪ್ರತಿ ಮೇ ತಿಂಗಳಿಗೊಂದು ಮೋಡೆಮ್ ಬಲಿ ಕೊಡುತ್ತಿದ್ದವರಿಗೆ ಇದು ದೊಡ್ಡ ನೆಮ್ಮದಿ. ಹಾಗಿದ್ದರೂ ಅಡಾಪ್ಟರ್ ಮೂಲಕ ವಿದ್ಯುತ್ ಲೈನಿನಿಂದ ಏಟು ಬರುವ ದಾರಿ ತೆರೆದೇ ಇರುತ್ತದೆ, ಕೆಲವು ಫೈಬರ್ ಕೇಬಲ್‌ಗಳೊಳಗೆ ಆಧಾರಕ್ಕೆಂದು ಇರುವ ಉಕ್ಕಿನ ತಂತಿಯೂ ಮನೆಯವರೆಗೆ ಬರುತ್ತದೆ. ಮೊದಲ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವ ಹಳೆಯ ಅಭ್ಯಾಸಕ್ಕೆ ಸಮನಾದ ರಕ್ಷಣೆ ಬೇರೆಯಿಲ್ಲ. ಡಿಸಿ ಯುಪಿಎಸ್ ಇದ್ದರೆ ಅದರ ಪ್ಲಗ್ ಕಿತ್ತ ಮೇಲೂ ಮೋಡೆಮ್ ಕೆಲವು ಗಂಟೆ ಓಡುತ್ತಿರುತ್ತದೆ, ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತದೆ, ಕೆಲಸ ನಿಲ್ಲಿಸಬೇಕಾಗಿಲ್ಲ. ಕೆಲಸದ ಉಪಕರಣಗಳನ್ನೆಲ್ಲ ಒಂದೇ ಕಡೆ, ಕೈಗೆ ಸಿಗುವ ಎತ್ತರದಲ್ಲಿ ಜೋಡಿಸಿದರೆ, ನೀವು ಮನೆಯಲ್ಲಿಲ್ಲದಾಗ ಅಮ್ಮನೇ ಬಂದು ಕಿತ್ತಿಡಬಹುದು. ಮನೆಯಿಂದ ಔಟ್‌ಹೌಸಿಗೋ ಅಡಿಕೆ ಮನೆಗೋ ಅಂಗಳದ ಮೇಲಿನಿಂದ ಲ್ಯಾನ್ ತಂತಿ ಎಳೆಯುವ ಯೋಚನೆ ಇದ್ದರೆ ಕೈಬಿಡಿ. ಅದು ತಾಮ್ರದ ತಂತಿ, ಹತ್ತಿರ ಎಲ್ಲೋ ಬಿದ್ದ ಸಿಡಿಲೂ ಅದರಲ್ಲಿ ಪ್ರವಹಿಸಿ ಎರಡೂ ತುದಿಯ ಉಪಕರಣಗಳನ್ನು ಸುಡಬಲ್ಲದು.

ಇಂಟರ್ನೆಟ್: ಮಾರುವವರನ್ನಲ್ಲ, ನೆರೆಯವರನ್ನು ಕೇಳಿ

ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಫೈಬರ್ ಸಂಪರ್ಕ ಹೆಚ್ಚಾಗಿ ಸ್ಥಳೀಯ ಪಾಲುದಾರರ ಮೂಲಕ ಬರುತ್ತದೆ. ಕೆಲವು ಕಡೆ ಕೇಬಲ್ ಟಿವಿಯವರೇ ಇಂಟರ್ನೆಟ್ಟನ್ನೂ ಕೊಡುತ್ತಾರೆ. ವೇಗ ಎಷ್ಟು ಎಂಬ ಪ್ರಶ್ನೆ ಇಲ್ಲಿ ಅಷ್ಟು ಮುಖ್ಯವಲ್ಲ. ಒಂದು ವಿಡಿಯೊ ಸಭೆಗೆ ಎರಡೂ ದಿಕ್ಕಿನಲ್ಲಿ 3 ಎಂಬಿಪಿಎಸ್ ಸಾಕಾಗುತ್ತದೆ, ಅತ್ಯಂತ ಅಗ್ಗದ ಫೈಬರ್ ಯೋಜನೆಯೂ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಊರಿನಲ್ಲಿ ಕರೆಂಟ್ ಹೋಗಿ ಎಷ್ಟು ಹೊತ್ತಿಗೆ ನೆಟ್ ಹೋಗುತ್ತದೆ? ನಿಮ್ಮ ಮನೆಯ ಬ್ಯಾಟರಿ ಎಷ್ಟೇ ಗಟ್ಟಿಯಾಗಿದ್ದರೂ, ಪಾಲುದಾರರ ಉಪಕರಣವಿರುವ ಕೋಣೆಯಲ್ಲಿ ಅಥವಾ ದೂರವಾಣಿ ವಿನಿಮಯ ಕೇಂದ್ರದಲ್ಲಿ ಬ್ಯಾಟರಿ ಸತ್ತಿದ್ದರೆ, ಡೀಸೆಲ್ ಮುಗಿದಿದ್ದರೆ, ಎಳೆ ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ. ಈ ಪ್ರಶ್ನೆಗೆ ಸಂಪರ್ಕ ಮಾರುವವರು ಹೇಳುವ ಉತ್ತರಕ್ಕಿಂತ ಕಳೆದ ಮಳೆಗಾಲದಲ್ಲಿ ಅದೇ ಸಂಪರ್ಕ ಬಳಸಿದ ನೆರೆಮನೆಯವರ ಉತ್ತರ ನಂಬಲರ್ಹ.

ಎಳೆ ಬರುವ ದಾರಿಯನ್ನು ನೀವೇ ನಡೆದು ನೋಡಿ. ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದ ಎಳೆ ಬೇಗ ಬರುತ್ತದೆ, ಬೇಗ ಹರಿಯುತ್ತದೆ. ಗಾಳಿಗೆ ಮರ ತೂಗುತ್ತದೆ, ಸೋಗೆ ಬೀಳುತ್ತದೆ, ಮಂಗ ಜಗ್ಗುತ್ತದೆ, ಕೊನೆ ಕೊಯ್ಯುವಾಗ ದೋಟಿ ತಗಲುತ್ತದೆ. ತುಸು ಸುತ್ತಾದರೂ ರಸ್ತೆ ಬದಿಯ ಕಂಬಗಳ ಮೇಲೆ ತರಲು ಒತ್ತಾಯಿಸಿ, ಹೆಚ್ಚಿನ ಕೇಬಲ್ಲಿನ ಹಣ ಕೇಳಿದರೆ ಕೊಟ್ಟುಬಿಡಿ. ಮನೆಯ ಗೋಡೆಯ ಬಳಿ ಕೆಲವು ಮೀಟರ್ ಎಳೆಯನ್ನು ಸುರುಳಿ ಸುತ್ತಿ ಬಿಡಿಸಿಕೊಳ್ಳಿ, ಮುಂದೆ ಹರಿದಾಗ ಜೋಡಿಸಲು ಅದೇ ಆಧಾರ. ಒಳಗೆ ಅದನ್ನು ಮೊಳೆ ಹೊಡೆದು ಬಿಗಿಯುವುದು, ಬಾಗಿಲ ಸಂದಿಯಲ್ಲಿ ಮಡಚುವುದು ಬೇಡ, ಗಾಜಿನ ಎಳೆ ತೀರಾ ಬಾಗಿದರೆ ಬೆಳಕು ಸೋರಿ ಸಂಪರ್ಕ ಕುಂದುತ್ತದೆ. ಮೋಡೆಮ್‌ನಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ, ಎಳೆ ಎಲ್ಲೋ ಹರಿದಿರಬೇಕು ಎಂದರ್ಥ. ಕೆಂಪು ದೀಪವಿಲ್ಲದೆಯೂ ನೆಟ್ ಇಲ್ಲವಾದರೆ ತೊಂದರೆ ಆಚೆ ಕಡೆಯದು. ದೀಪಗಳ ಫೋಟೊ ತೆಗೆದು ಕಳಿಸಿದರೆ ದುರಸ್ತಿಯವರು ಏಣಿ ತರಬೇಕೋ ಬೇಡವೋ ಎಂಬುದನ್ನು ಅಲ್ಲಿಂದಲೇ ತೀರ್ಮಾನಿಸಬಹುದು.

ಎರಡನೇ ದಾರಿಯಾಗಿ ಬೇರೆ ಕಂಪನಿಯ ಮೊಬೈಲ್ ಸಂಪರ್ಕ ಇರಲೇಬೇಕು. ವಿಡಿಯೊ ಸಭೆಗೆ ಗಂಟೆಗೆ 1 ಜಿಬಿವರೆಗೂ ಡೇಟಾ ಹೋಗಬಹುದು, ದಿನಕ್ಕೆ 1.5 ಅಥವಾ 2 ಜಿಬಿಯ ಯೋಜನೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅಂಥ ದಿನ ಕ್ಯಾಮೆರಾ ಆರಿಸಿ ಧ್ವನಿಯಲ್ಲಷ್ಟೇ ಭಾಗವಹಿಸಿ. ಮೊಬೈಲ್ ಗೋಪುರಗಳೂ ಬ್ಯಾಟರಿಯ ಮೇಲೆ ಕೆಲವು ಗಂಟೆ ನಿಂತು, ಡೀಸೆಲ್ ಇಲ್ಲದಿದ್ದರೆ ಸುಮ್ಮನಾಗುತ್ತವೆ. ಎರಡೂ ಹೋದ ದಿನಕ್ಕೆಂದು ಹತ್ತಿರದ ಪೇಟೆಯಲ್ಲಿ ಒಂದು ಜಾಗವನ್ನು ಮೊದಲೇ ಗೊತ್ತು ಮಾಡಿಟ್ಟಿರಬೇಕು. ನೆಂಟರ ಮನೆಯೋ, ಗೆಳೆಯರ ಅಂಗಡಿಯ ಮಾಳಿಗೆಯೋ, ಜನರೇಟರ್ ಇರುವ ಲಾಡ್ಜೋ ಯಾವುದಾದರೂ ಆದೀತು, ಒಮ್ಮೆ ಹೋಗಿ ಕುಳಿತು ಕೆಲಸ ಮಾಡಿ ನೋಡಿರಬೇಕು, ಅಷ್ಟೇ.

ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲದವರಿಗೆ ಒಂದು ಮಾತು. ಜಿಯೊ ಮತ್ತು ಏರ್‌ಟೆಲ್‌ನಲ್ಲಿ ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಮನೆಯ ಫೈಬರ್ ಮೂಲಕವೇ ಮಾಮೂಲಿ ಕರೆಗಳು ಬರುತ್ತವೆ. ಕಚೇರಿಯ ಜಾಲಕ್ಕೆ ಪ್ರವೇಶಿಸಲು ಎಸ್‌ಎಂಎಸ್ ಒಟಿಪಿ ಬದಲು ಅಥೆಂಟಿಕೇಟರ್ ಆ್ಯಪ್ ಬಳಸಲು ಅನುಮತಿ ಕೇಳಿ. ಅದರ ಸಂಖ್ಯೆಗಳು ಫೋನಿನಲ್ಲೇ ಹುಟ್ಟುವುದರಿಂದ ಸಿಗ್ನಲ್ ಬೇಕಾಗಿಲ್ಲ. ಒಟಿಪಿಗಾಗಿ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತುವ ಪ್ರಸಂಗ ಇದರಿಂದ ತಪ್ಪುತ್ತದೆ.

ಕೋಣೆ ಮತ್ತು ಕುರ್ಚಿ

ಜಗುಲಿಯ ಪಕ್ಕದ ಕೋಣೆ ಬೆಳಕು, ಗಾಳಿಗೆ ಚೆನ್ನಾಗಿದ್ದರೂ ಬಂದುಹೋಗುವವರೆಲ್ಲ ಇಣುಕುವ ಜಾಗ, ಬೇಡ. ಹಂಚಿನ ಮಾಡಿನ ಮೆತ್ತು ಏಪ್ರಿಲ್‌ನಲ್ಲಿ ಕಾಯುತ್ತದೆ, ತಗಡಿನ ಮಾಡಿನ ಕೆಳಗೆ ಜುಲೈನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಪಡುವಣ ಗೋಡೆ ಮಳೆಯ ಇರಿಚಲಿಗೆ ಒದ್ದೆಯಾಗುವುದರಿಂದ ಒಳಭಾಗದ, ಪೂರ್ವ ಅಥವಾ ಉತ್ತರಕ್ಕೆ ಕಿಟಕಿ ಇರುವ ಕೋಣೆ ಸಿಕ್ಕರೆ ಅದನ್ನೇ ಆರಿಸಿ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರುವಂತೆ ಮೇಜು ಹಾಕಿ. ಬೆನ್ನ ಹಿಂದೆ ಬಂದರೆ ಪರದೆಯ ಮೇಲೆ ಹೊಳಪು, ಮುಂದೆ ಬಂದರೆ ಕಣ್ಣಿಗೆ ಕುಕ್ಕು. ಮಳೆಯ ಸದ್ದನ್ನು ಹೊರಗಿಡಲು ಬಾಯಿಯ ಬಳಿಗೆ ಮೈಕ್ ಬರುವ ಹೆಡ್‌ಸೆಟ್ ಬಳಸಿ. ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು ವೈಫೈ ದಾಟುವುದಿಲ್ಲವಾದರೆ, ಮನೆಯೊಳಗೇ ಲ್ಯಾನ್ ತಂತಿ ಎಳೆಸಿ ಲ್ಯಾಪ್‌ಟಾಪಿಗೆ ನೇರ ಜೋಡಿಸುವುದು ಎಲ್ಲಕ್ಕಿಂತ ಖಾತರಿಯ ಉಪಾಯ.

ಮನೆಯಲ್ಲಿ ಅಜ್ಜನ ಕಾಲದ ತೇಗದ ಮೇಜು ಇದ್ದರೆ ಅದರ ಎತ್ತರ ಸಾಮಾನ್ಯವಾಗಿ ಎರಡೂವರೆ ಅಡಿ ಇರುತ್ತದೆ. ಐದೂಕಾಲು ಅಡಿಯವರಿಗೆ ಅದು ಎತ್ತರವಾಗಿ ಭುಜ ಮೇಲೆದ್ದು ಕತ್ತು ಹಿಡಿಯುತ್ತದೆ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿ, ನೆಲ ಮುಟ್ಟದ ಪಾದಗಳ ಕೆಳಗೆ ಊಟದ ಮಣೆ ಇಟ್ಟರೆ ಸರಿಹೋಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರಕ್ಕೆ ಇರಲಿ. ಲ್ಯಾಪ್‌ಟಾಪನ್ನೇ ಎತ್ತರಿಸಿದರೆ ಪ್ರತ್ಯೇಕ ಕೀಲಿಮಣೆ, ಮೌಸ್ ಬೇಕು. ಒಳ್ಳೆಯ ಕುರ್ಚಿಯನ್ನು ಬೆಂಗಳೂರಿನ ಹಳೆಯ ಕಚೇರಿ ಪೀಠೋಪಕರಣಗಳ ಅಂಗಡಿಯಲ್ಲಿ ಕೊಂಡು ಸಾಮಾನಿನ ಜೊತೆ ತರುವುದು ಲಾಭ.

ಮಳೆಗಾಲದ ತೇವಕ್ಕೆ ಚರ್ಮದ ಚೀಲ, ಪುಸ್ತಕ, ಕ್ಯಾಮೆರಾ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ದಿನಾ ಬಳಸುವ ಲ್ಯಾಪ್‌ಟಾಪ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಬಳಸದೆ ಇಟ್ಟ ಹಾರ್ಡ್ ಡಿಸ್ಕ್, ಹೆಚ್ಚುವರಿ ಅಡಾಪ್ಟರ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಳಸದ ಸಾಕೆಟ್‌ಗಳಿಗೆ ಮುಚ್ಚಳ ಹಾಕಿ, ಇಲ್ಲವಾದರೆ ಇರುವೆಗಳು ಸೇರಿಕೊಳ್ಳುತ್ತವೆ.

ಮನೆಯವರೊಂದಿಗೆ

‘ಮನೇಲೇ ಇದ್ದೀಯಲ್ಲ ಮಾರಾಯ, ಪೇಟೆಗೆ ಹೋಗಿ ಒಂದು ಚೀಲ ಹಿಂಡಿ ತಂದುಬಿಡು’ ಎಂಬ ಮಾತಿನಲ್ಲಿ ದುರುದ್ದೇಶವಿಲ್ಲ. ಮನೆಯಲ್ಲಿರುವವರೆಲ್ಲ ಮನೆಯ ಕೆಲಸಕ್ಕೆ ಒದಗಬೇಕು ಎಂಬುದು ಕೃಷಿ ಕುಟುಂಬದ ಸಹಜ ನಿರೀಕ್ಷೆ, ಕುರ್ಚಿಯಲ್ಲಿ ಕುಳಿತವರು ದುಡಿಯುತ್ತಿದ್ದಾರೆ ಎಂಬುದು ನೋಡುವವರಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲ ವಾರದಲ್ಲೇ ನಿಮ್ಮ ದಿನದ ಹೊತ್ತುಗಳನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆದು ತೂಗುಹಾಕಿ. ಯಾವ ಹೊತ್ತಿನಲ್ಲಿ ಕರೆಯಲೇಬಾರದು, ಯಾವ ಹೊತ್ತಿನಲ್ಲಿ ಬಾಗಿಲು ತಟ್ಟಬಹುದು, ಯಾವ ಹೊತ್ತು ಪೂರ್ತಿ ಮನೆಗೆ ಮೀಸಲು ಎಂಬ ಮೂರು ಬಗೆ ಸಾಕು. ಮೂರನೆಯದನ್ನು ಖಡಾಖಂಡಿತವಾಗಿ ಪಾಲಿಸಿದರೆ ಮೊದಲನೆಯದನ್ನು ಮನೆಯವರೂ ಪಾಲಿಸುತ್ತಾರೆ. ಬೆಳಗ್ಗೆ ಹಾಲು ಡೇರಿಗೆ ಕೊಂಡುಹೋಗುವುದೋ, ಶನಿವಾರ ಪೇಟೆ ಕೆಲಸ ಮಾಡುವುದೋ, ಯಾವುದಾದರೊಂದು ಜವಾಬ್ದಾರಿಯನ್ನು ನಿಮ್ಮದಾಗಿಸಿಕೊಂಡರೆ ಉಳಿದ ಹೊತ್ತಿನ ಬೇಡಿಕೆಗಳು ತಾವಾಗಿ ಕಡಿಮೆಯಾಗುತ್ತವೆ.

ಈ ವಿಷಯದಲ್ಲಿ ಹೆಣ್ಣುಮಕ್ಕಳ ಪರಿಸ್ಥಿತಿ ಬೇರೆಯೇ ಇದೆ. ಒಂದೇ ಬಗೆಯ ಕೆಲಸವನ್ನು ಮನೆಯಿಂದ ಗಂಡ ಮಾಡುವಾಗ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಹೆಂಡತಿ ಮಾಡುವಾಗ ತೆರೆದಿರುತ್ತದೆ. ಬೆಂಗಳೂರಿನಲ್ಲಿ ಇಬ್ಬರೇ ಇದ್ದಾಗ ಹೇಗೋ ನಡೆಯುತ್ತಿದ್ದ ಸಂಸಾರ, ಅತ್ತೆ ಮಾವ ಇರುವ ತುಂಬಿದ ಮನೆಗೆ ಬಂದ ಮೇಲೆ, ತಿಂಡಿ, ಮಧ್ಯಾಹ್ನದ ಅಡುಗೆ, ಬಂದವರಿಗೆ ಚಹಾ, ಸಂಜೆಯ ದೀಪ ಎಲ್ಲವೂ ಸೊಸೆಯ ಪಾಲಿಗೆ ಸೇರಿ, ಅದರ ಮೇಲೆ ಎಂಟು ಗಂಟೆಯ ಕಚೇರಿ ಕೆಲಸವೂ ಇರುತ್ತದೆ. ಊರಿಗೆ ಹೋಗುವ ಮೊದಲೇ ದಂಪತಿ ಕೂತು ಮಾತಾಡಿ, ಯಾವ ಹೊತ್ತಿನ ಅಡುಗೆ ಯಾರದು, ಸಹಾಯಕ್ಕೆ ಯಾರನ್ನು ಗೊತ್ತು ಮಾಡಬೇಕು, ಅದರ ಸಂಬಳ ಎಷ್ಟು ಎಂಬುದನ್ನು ತೀರ್ಮಾನಿಸಬೇಕು. ಆ ತೀರ್ಮಾನವನ್ನು ಅಪ್ಪ ಅಮ್ಮನ ಮುಂದೆ ಮಗನೇ ಹೇಳಬೇಕು, ಸೊಸೆಯ ಬಾಯಿಂದ ಬಂದರೆ ಅದು ದೂರಾಗಿ ಕೇಳಿಸುತ್ತದೆ. ಇದು ಇತ್ಯರ್ಥವಾಗದಿದ್ದರೆ ಇಬ್ಬರಲ್ಲಿ ಒಬ್ಬರ ಉದ್ಯೋಗಕ್ಕೆ ಧಕ್ಕೆ ಬರುವುದು ಖಂಡಿತ, ಅದು ಯಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿ ಮದುವೆ, ಉಪನಯನ, ಸತ್ಯನಾರಾಯಣ ಪೂಜೆ, ವೈಕುಂಠ ಸಮಾರಾಧನೆಗಳ ಕರೆಗಳಿಗೆ ಕೊನೆಯಿಲ್ಲ. ಎಲ್ಲದಕ್ಕೂ ಹೋಗಲಾಗದು, ಯಾವುದಕ್ಕೂ ಹೋಗದಿರಲೂ ಆಗದು. ಹಿಂದಿನ ದಿನ ಸಂಜೆ ಹೋಗಿ ಮಾತಾಡಿಸಿ ಬರುವ ಪದ್ಧತಿ ಇಟ್ಟುಕೊಂಡರೆ ಬಾಂಧವ್ಯವೂ ಉಳಿಯುತ್ತದೆ, ರಜೆಯೂ ಉಳಿಯುತ್ತದೆ.

ಹೊತ್ತಿನ ಹೊಂದಾಣಿಕೆ

ವಿದೇಶದ ತಂಡಗಳೊಂದಿಗೆ ಕೆಲಸ ಮಾಡುವವರು ಗಡಿಯಾರ ಬದಲಾಗುವ ದಿನಗಳನ್ನು ಗುರುತು ಹಾಕಿಕೊಳ್ಳಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆಯ ಸಭೆ ನಮಗೆ ಬೇಸಿಗೆಯಲ್ಲಿ ಸಂಜೆ ಏಳೂವರೆಗೆ, ಚಳಿಗಾಲದಲ್ಲಿ ಎಂಟೂವರೆಗೆ ಬರುತ್ತದೆ. ಅಡಿಕೆ ಬೆಳೆಗಾರರ ಮನೆಗಳಲ್ಲಿ ಕೊನೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಜೋರಾಗುವುದೂ ಅದೇ ನವೆಂಬರ್ ಹೊತ್ತಿಗೆ. ರಾತ್ರಿ ಊಟ ತಡವಾಗುತ್ತದೆ, ಅಂಗಳದಲ್ಲಿ ಸುಲಿಯುವ ಯಂತ್ರದ ಸದ್ದು, ಮನೆ ತುಂಬ ಆಳುಕಾಳು. ಆ ಎರಡು ಮೂರು ತಿಂಗಳಿಗೆ ಬೇರೆ ವೇಳಾಪಟ್ಟಿಯನ್ನೇ ಮಾಡಿಕೊಂಡು, ವರ್ಷದ ರಜೆಯ ಒಂದು ಭಾಗವನ್ನು ಕೊಯ್ಲಿನ ದಿನಗಳಿಗೆ ಕಾದಿಟ್ಟರೆ ಮನೆಯವರಿಗೂ ನಿಮ್ಮಿಂದ ನೆರವಾಗುತ್ತದೆ.

ಕರೆಂಟ್, ನೆಟ್ ಎರಡೂ ಹೋಗುವ ದಿನ ಬಂದೇ ಬರುತ್ತದೆ. ಅಂದು ಯಾರಿಗೆ, ಯಾವ ಮೂಲಕ ತಿಳಿಸಬೇಕು ಎಂಬುದನ್ನು ಮೊದಲೇ ಒಪ್ಪಿಕೊಂಡಿರಿ. ತಂಡದ ಒಬ್ಬರಿಗೆ ಮಾಮೂಲಿ ಎಸ್‌ಎಂಎಸ್ ಕಳಿಸುವುದು ಅತ್ಯಂತ ಕಡಿಮೆ ಸಿಗ್ನಲ್‌ನಲ್ಲೂ ಸಾಧ್ಯವಾಗುತ್ತದೆ. ನೆಟ್ ಇಲ್ಲದೆಯೂ ಮಾಡಬಹುದಾದ ಕೆಲಸಗಳ ಪಟ್ಟಿಯನ್ನು, ಅದಕ್ಕೆ ಬೇಕಾದ ಕಡತಗಳನ್ನು ಕಚೇರಿಯ ನಿಯಮ ಅನುಮತಿಸುವ ಮಟ್ಟಿಗೆ ಲ್ಯಾಪ್‌ಟಾಪಿನಲ್ಲೇ ಇಳಿಸಿಟ್ಟಿದ್ದರೆ ಆ ದಿನ ವ್ಯರ್ಥವಾಗುವುದಿಲ್ಲ. ಸಬೂಬು ಹೇಳುವವರೆಂಬ ಹೆಸರು ಬರದಂತೆ ಕಾಯುವುದು ಇಂಥ ಸಣ್ಣ ಏರ್ಪಾಟುಗಳೇ.

ಕಚೇರಿಗೆ ಕರೆ ಬಂದಾಗ

ಪೂರ್ತಿ ಮನೆಯಿಂದಲೇ ಎಂದು ಒಪ್ಪಿದ ಸಂಸ್ಥೆಗಳೂ ತಿಂಗಳಿಗೆ ಕೆಲವು ದಿನ ಬರಲು ಹೇಳುವುದು ಈಗ ಸಾಮಾನ್ಯವಾಗಿದೆ. ಅದಕ್ಕಾಗಿ ಬೆಂಗಳೂರಿನಲ್ಲಿ ಇಡೀ ಮನೆ ಇಟ್ಟುಕೊಳ್ಳುವುದು ದಂಡ. ಗೆಳೆಯರೊಂದಿಗೆ ಹಂಚಿಕೊಂಡ ಒಂದು ಕೋಣೆ ಅಥವಾ ದಿನದ ಲೆಕ್ಕದಲ್ಲಿ ಸಿಗುವ ಪಿಜಿ ಸಾಕು. ಸಾಗರ, ಶಿವಮೊಗ್ಗ ಕಡೆಯವರಿಗೆ ತಾಳ್ಗುಪ್ಪದಿಂದ ಬೆಂಗಳೂರಿನ ಮೂಲಕ ಮೈಸೂರಿಗೆ ಹೋಗುವ ರಾತ್ರಿ ರೈಲಿದೆ, ಶಿರಸಿ, ಶೃಂಗೇರಿ, ತೀರ್ಥಹಳ್ಳಿಗಳಿಂದ ರಾತ್ರಿ ಬಸ್‌ಗಳಿವೆ. ವಾರಾಂತ್ಯಕ್ಕೆ ಹೊಂದಿದ ದಿನಗಳಲ್ಲಿ ಟಿಕೆಟ್ ಸಿಗುವುದು ಕಷ್ಟವಾದ್ದರಿಂದ, ಕಚೇರಿಯ ದಿನಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಮಂಗಳವಾರದಿಂದ ಗುರುವಾರದವರೆಗೆ ಎಂದು ಕೇಳಿ: ಸೋಮವಾರ ರಾತ್ರಿ ಹೊರಟು, ಗುರುವಾರ ರಾತ್ರಿಯ ಬಂಡಿ ಹತ್ತಿದರೆ ಶುಕ್ರವಾರದ ಕೆಲಸಕ್ಕೆ ಮನೆಯಲ್ಲಿರಬಹುದು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು, ಆ ತಿಂಗಳುಗಳಲ್ಲಿ ಮುಖ್ಯ ಸಭೆಯ ಹಿಂದಿನ ರಾತ್ರಿಯ ಬದಲು ಒಂದು ದಿನ ಮುಂಚೆಯೇ ಹೊರಡಿ.